ಮಕ್ಕಳಿಗೆ ನಮ್ಮ ಸಂವಿಧಾನ ಹೇಳಿಕೊಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಲ್ಲಿ, ಪಂಚಾಯಿತಿ ಲೈಬ್ರರಿಗಳಲ್ಲಿ ಸಂವಿಧಾನದ ಬಗ್ಗೆ ಮಾತಾಡುವಾಗ ಮೇಷ್ಟ್ರುಗಳು, ಅಪ್ಪ ಅಮ್ಮಂದಿರು, ಕೆಲವು ಸಲ ಮಕ್ಕಳೇ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಕೆಲವು ಪತ್ರದಲ್ಲಿ ಬಂದವು, ಕೆಲವು ಮೆಸೇಜಿನಲ್ಲಿ. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದದ್ದಕ್ಕೆ ನೇರವಾಗಿ ಹೋಗಬಹುದು.

## ಶುರುವಿನಲ್ಲೇ ಕೇಳುವವು

"ಮಗಳು ಇನ್ನೂ ಎರಡನೇ ಕ್ಲಾಸು. ಈಗಲೇ ಸಂವಿಧಾನ ಅಂದ್ರೆ ಜಾಸ್ತಿ ಆಗಲ್ವಾ?"

ಆಗುವುದಿಲ್ಲ. ಏಳು ವರ್ಷದ ಮಗುವಿಗೆ ನ್ಯಾಯ ಅನ್ಯಾಯ ಚೆನ್ನಾಗಿಯೇ ಗೊತ್ತು. ಅಣ್ಣನಿಗೆ ಎರಡು ಲಾಡು, ತನಗೆ ಒಂದೇ ಅಂದರೆ ಸುಮ್ಮನಿರುತ್ತದಾ? ಮಾಡದ ತಪ್ಪಿಗೆ ಬೈಸಿಕೊಂಡರೆ ರಾತ್ರಿ ಊಟದವರೆಗೂ ಮುಖ ಊದಿಸಿಕೊಂಡಿರುತ್ತದೆ. ಅಲ್ಲಿಂದಲೇ ಶುರು ಮಾಡಿ. "ನಿನ್ನ ಮಾತು ಕೇಳದೆ ಶಿಕ್ಷೆ ಕೊಡಬಹುದಾ?", "ಜೋರಾಗಿರುವವನು ಹೇಳಿದ್ದೇ ಆಗಬೇಕಾ?" ಅಂತ ಕೇಳಿ, ಅದರ ಉತ್ತರ ಕೇಳಿಸಿಕೊಳ್ಳಿ. ಈ ವಯಸ್ಸಿಗೆ ವಿಧಿಗಳ (ಆರ್ಟಿಕಲ್‌ಗಳ) ನಂಬರು, ಇಸವಿ, ಸಮಿತಿಗಳ ಹೆಸರು ಬೇಡವೇ ಬೇಡ. ಹೈಸ್ಕೂಲಿನಲ್ಲಿ ಅವು ಹೇಗೂ ಬರುತ್ತವೆ.

"ಸಂವಿಧಾನ ಅಂದ್ರೇನು ಅಂತ ಮಗ ಕೇಳಿದ. 'ದೇಶದ ಕಾನೂನು' ಅಂದೆ. ಸರಿನಾ?"

ಅರ್ಧ ಸರಿ. ದೇಶದಲ್ಲಿ ಸಾವಿರಾರು ಕಾನೂನುಗಳಿವೆ. ಹೆಲ್ಮೆಟ್ ಹಾಕಬೇಕು ಅನ್ನುವುದೂ ಕಾನೂನೇ. ಅವೆಲ್ಲ ಜನ ಏನು ಮಾಡಬೇಕು, ಏನು ಮಾಡಬಾರದು ಅಂತ ಹೇಳುತ್ತವೆ. ಸಂವಿಧಾನ ಮುಖ್ಯವಾಗಿ ಅಧಿಕಾರ ಇರುವವರಿಗೆ ಹೇಳುತ್ತದೆ. ಪ್ರಧಾನಿ, ಮುಖ್ಯಮಂತ್ರಿ, ಪೊಲೀಸು, ಜಡ್ಜು, ಪಂಚಾಯಿತಿ ಅಧ್ಯಕ್ಷರು, ಇವರೆಲ್ಲ ಏನು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಅದರಲ್ಲಿದೆ. ಮಕ್ಕಳಿಗೆ ನಾನು ಹೇಳುವುದು ಹೀಗೆ: ದೊಡ್ಡವರಿಗೂ ನಿಯಮ ಇದೆ, ದೊಡ್ಡವರಲ್ಲಿ ದೊಡ್ಡವರಿಗೂ ಇದೆ, ಅದನ್ನು ಬರೆದಿಟ್ಟಿರುವುದು ಇಲ್ಲಿ. ಇದನ್ನು ಕೇಳಿದ ತಕ್ಷಣ ಮಕ್ಕಳ ಕಣ್ಣು ಅರಳುತ್ತದೆ. ನಿಯಮ ಅಂದರೆ ತಮಗೆ ಮಾತ್ರ ಅಂತ ಅವರು ಅಂದುಕೊಂಡಿರುತ್ತಾರೆ, ಪಾಪ.

"ಬರೆದಿದ್ದು ಅಂಬೇಡ್ಕರ್ ಒಬ್ಬರೇನಾ, ಎಲ್ಲರೂ ಸೇರಿನಾ? ಕ್ಲಾಸಲ್ಲಿ ಜಗಳ ಆಗುತ್ತೆ ಸಾರ್."

ಎರಡನ್ನೂ ಹೇಳಿ, ಯಾವುದನ್ನೂ ಮುಚ್ಚಿಡಬೇಡಿ. ಸಂವಿಧಾನ ರಚನಾ ಸಭೆ ಮೊದಲ ಸಲ ಸೇರಿದ್ದು 1946ರ ಡಿಸೆಂಬರ್ 9ರಂದು. ಅಧ್ಯಕ್ಷರು ರಾಜೇಂದ್ರ ಪ್ರಸಾದ್. ಮೊದಲ ಕರಡಿಗೆ ತಳಪಾಯ ಹಾಕಿದ ಸಲಹೆಗಾರರು ಬೆನೆಗಲ್ ನರಸಿಂಗ ರಾವ್, ನಮ್ಮ ಕರಾವಳಿ ಕಡೆಯವರು. 1947ರ ಆಗಸ್ಟ್ 29ಕ್ಕೆ ಏಳು ಜನರ ಕರಡು ಸಮಿತಿ ಆಯಿತು, ಅಂಬೇಡ್ಕರ್ ಅದರ ಅಧ್ಯಕ್ಷರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಕೂಡ ಆಮೇಲೆ ಈ ಸಮಿತಿಗೆ ಬಂದರು.

ಆದರೆ ಸಮಿತಿ ಅಂತ ಹೆಸರಿದ್ದರೂ ಭಾರ ಬಿದ್ದದ್ದು ಹೆಚ್ಚಾಗಿ ಒಬ್ಬರ ಮೇಲೆಯೇ. ಇದನ್ನು ಹೇಳಿದವರು ಅದೇ ಸಮಿತಿಯ ಟಿ.ಟಿ. ಕೃಷ್ಣಮಾಚಾರಿ. ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಕೆಲವರು ದೆಹಲಿಯಿಂದ ದೂರ ಇದ್ದರು, ಹೀಗಾಗಿ ಅಂಬೇಡ್ಕರರೇ ಹೊರಬೇಕಾಯಿತು ಅಂತ 1948ರ ನವೆಂಬರಿನಲ್ಲಿ ಸಭೆಯಲ್ಲೇ ಹೇಳಿದರು. ಬರೀ ಬರೆಯುವುದಲ್ಲ, ಒಂದೊಂದು ಸಾಲನ್ನೂ ಸಭೆಯಲ್ಲಿ ನಿಂತು ಸಮರ್ಥಿಸಿಕೊಳ್ಳಬೇಕಿತ್ತು. ಏಳು ಸಾವಿರಕ್ಕೂ ಹೆಚ್ಚು ತಿದ್ದುಪಡಿ ಸೂಚನೆಗಳು ಬಂದಿದ್ದವು, ಎರಡು ಸಾವಿರಕ್ಕೂ ಹೆಚ್ಚಿನವು ಚರ್ಚೆಯಾದವು. ಅಂಬೇಡ್ಕರ್ ಮಾತ್ರ ಕೊನೆಯ ಭಾಷಣದಲ್ಲಿ ನರಸಿಂಗ ರಾಯರಿಗೆ, ಕರಡು ಬರೆದ ಎಸ್.ಎನ್. ಮುಖರ್ಜಿಯವರಿಗೆ, ಸಿಬ್ಬಂದಿಗೆ ಹೆಸರು ಹಿಡಿದು ಶ್ರೇಯಸ್ಸು ಕೊಟ್ಟರು. ಮಕ್ಕಳಿಗೆ ಈ ಭಾಗ ಖಂಡಿತ ಹೇಳಿ.

ಉಳಿದವರ ಕಥೆಗಳೂ ಸೊಗಸಾಗಿವೆ. 1928ರ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿ ತಂಡದ ನಾಯಕರಾಗಿದ್ದ ಜೈಪಾಲ್ ಸಿಂಗ್ ಮುಂಡಾ ಆ ಸಭೆಯಲ್ಲಿ ಆದಿವಾಸಿಗಳ ಪರ ಮಾತಾಡಿದರು. ಪ್ರಜಾಪ್ರಭುತ್ವವನ್ನು ನಮಗೆ ನೀವು ಕಲಿಸಬೇಕಾಗಿಲ್ಲ, ನೀವೇ ನಮ್ಮಿಂದ ಕಲಿಯಬೇಕು ಅಂದರು. ಹದಿನೈದು ಹೆಣ್ಣುಮಕ್ಕಳಿದ್ದರು, ಅವರಲ್ಲಿ ದಾಕ್ಷಾಯಿಣಿ ವೇಲಾಯುಧನ್ ಒಬ್ಬರೇ ದಲಿತ ಮಹಿಳೆ. ನಮ್ಮ ಕಡೆಯಿಂದ ಕೆಂಗಲ್ ಹನುಮಂತಯ್ಯ, ನಿಜಲಿಂಗಪ್ಪ, ಆರ್.ಆರ್. ದಿವಾಕರ್, ಕೊಡಗಿನಿಂದ ಸಿ.ಎಂ. ಪೂಣಚ್ಚ ಇದ್ದರು.

"ಆಗಸ್ಟ್ 15 ಇರುವಾಗ ಜನವರಿ 26 ಯಾಕೆ? ನವೆಂಬರ್ 26 ಬೇರೆ ಇದೆ!"

ಬ್ರಿಟಿಷರು ಹೋದದ್ದು 1947ರ ಆಗಸ್ಟ್ 15. ಸಂವಿಧಾನ ಒಪ್ಪಿಕೊಂಡದ್ದು 1949ರ ನವೆಂಬರ್ 26. ಪೂರ್ತಿ ಜಾರಿಗೆ ಬಂದದ್ದು 1950ರ ಜನವರಿ 26. ಎರಡು ತಿಂಗಳು ಕಾದದ್ದಕ್ಕೆ ಕಾರಣ, 1930ರ ಅದೇ ದಿನ ದೇಶದ ತುಂಬ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದರು.

"ಕೈಯಲ್ಲೇ ಬರೆದಿದ್ದಾರಂತೆ, ಚಿತ್ರಗಳೂ ಇವೆಯಂತೆ. ನಿಜಾನಾ?"

ನಿಜ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಇಂಗ್ಲಿಷ್ ಪ್ರತಿಯನ್ನು ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರೈಜಾದಾ. ದುಡ್ಡು ಬೇಡ ಅಂದರು. ಪ್ರತಿ ಪುಟದಲ್ಲೂ ತಮ್ಮ ಹೆಸರು, ಕೊನೆಯ ಪುಟದಲ್ಲಿ ತಾತನ ಹೆಸರು ಇರಲಿ ಅಂತ ಮಾತ್ರ ಕೇಳಿದರು. ಅಕ್ಷರ ಕಲಿಸಿದ್ದು ಆ ತಾತನೇ. ಚಿತ್ರ ಬಿಡಿಸಿದವರು ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರು. ಮೊಹೆಂಜೊದಾರೊ ಮುದ್ರೆಯ ಗೂಳಿ, ಬುದ್ಧ, ಅಕ್ಬರ್, ಶಿವಾಜಿ, ದಂಡಿಗೆ ನಡೆಯುತ್ತಿರುವ ಗಾಂಧೀಜಿ, ಹಿಮಾಲಯ, ಮರುಭೂಮಿ, ಸಮುದ್ರ ಎಲ್ಲ ಇವೆ. ನಮ್ಮ ಟಿಪ್ಪು ಸುಲ್ತಾನ್ ಮತ್ತು ಝಾನ್ಸಿ ರಾಣಿ ಒಂದೇ ಪುಟದಲ್ಲಿದ್ದಾರೆ. ಮೂಲ ಪ್ರತಿ ಸಂಸತ್ತಿನ ಗ್ರಂಥಾಲಯದಲ್ಲಿ ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿದೆ. ಪುಟಗಳ ಫೋಟೋ ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಮೊಬೈಲಿನಲ್ಲೇ ತೋರಿಸಿ, ಯಾವ ಚಿತ್ರ ಯಾಕೆ ಹಾಕಿರಬಹುದು ಅಂತ ಊಹಿಸಲು ಬಿಡಿ.

## ತರಗತಿಯಲ್ಲಿ, ಮನೆಯಲ್ಲಿ

"ದಿನಾ ಪೀಠಿಕೆ ಓದಿಸ್ತೀವಿ. ಬಾಯಿಪಾಠ ಆಗಿದೆ, ಅರ್ಥ ಮಾತ್ರ ಆಗಿಲ್ಲ. ಏನು ಮಾಡೋಣ?"

2023ರಿಂದ ಕರ್ನಾಟಕದ ಶಾಲೆಗಳಲ್ಲಿ ಪೀಠಿಕೆ, ಅಂದರೆ ಸಂವಿಧಾನದ ಶುರುವಿನ ಮಾತು, ಓದುವುದು ಕಡ್ಡಾಯ ಆಗಿದೆ. ಒಳ್ಳೆಯದೇ. ಬಾಯಿಗೆ ಬಂದಿದ್ದರೆ ಅರ್ಧ ಕೆಲಸ ಆಗಿದೆ, ಅದನ್ನು ಹಗುರವಾಗಿ ನೋಡಬೇಡಿ. ಇನ್ನು ವಾರಕ್ಕೆ ಒಂದೇ ಪದ ಹಿಡಿಯಿರಿ. ನ್ಯಾಯದ ವಾರ, ಸ್ವಾತಂತ್ರ್ಯದ ವಾರ, ಸಮಾನತೆಯ ವಾರ, ಭ್ರಾತೃತ್ವದ ವಾರ. ಆ ವಾರ ಶಾಲೆಯಲ್ಲಿ ಆ ಪದ ಎಲ್ಲಿ ಕಂಡಿತು, ಎಲ್ಲಿ ಕಾಣಲಿಲ್ಲ ಅಂತ ಮಕ್ಕಳೇ ಹೇಳಲಿ. ಆಟದ ಪೀರಿಯಡ್ಡಿನಲ್ಲಿ ಬ್ಯಾಟು ಯಾವಾಗಲೂ ಹುಡುಗರ ಕೈಯಲ್ಲೇ ಯಾಕೆ? ಕಸ ಗುಡಿಸುವ ಸರದಿ ಹುಡುಗಿಯರಿಗೇ ಯಾಕೆ? ಇಂಥ ಪ್ರಶ್ನೆ ಬಂದರೆ ಪಾಠ ನಡೆಯುತ್ತಿದೆ ಅಂತಲೇ ಅರ್ಥ. ಪ್ರಶ್ನೆ ನಿಮ್ಮ ಮೇಲೇ ಬಂದರೂ ಬೈಯಬೇಡಿ.

ಇನ್ನೊಂದು. ಪೀಠಿಕೆಯಲ್ಲಿ ಸಂವಿಧಾನವನ್ನು ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಅಂತ ಮಕ್ಕಳನ್ನೇ ಹುಡುಕಲು ಹೇಳಿ. ರಾಜ ಕೊಟ್ಟದ್ದಲ್ಲ, ದೇವರು ಕೊಟ್ಟದ್ದಲ್ಲ. ನಾವೇ ಕೊಟ್ಟು ನಾವೇ ತೆಗೆದುಕೊಂಡದ್ದು. ಐದನೇ ಕ್ಲಾಸಿನ ಮಕ್ಕಳು ಇದನ್ನು ತಾವಾಗಿಯೇ ಕಂಡುಹಿಡಿಯುತ್ತಾರೆ.

"ಒಂದೇ ಒಂದು ವಿಧಿ ಹೇಳಿಕೊಡಿ ಅಂದ್ರೆ ಯಾವುದು ಆರಿಸ್ತೀರಿ?"

15ನೇ ವಿಧಿ, ಅದರಲ್ಲೂ ಎರಡನೇ ಭಾಗ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ಅಂಗಡಿಗೆ, ಹೋಟೆಲಿಗೆ ಬರಬೇಡ ಅನ್ನಬಾರದು. ಸಾರ್ವಜನಿಕ ಬಾವಿ, ಕೆರೆ, ಸ್ನಾನದ ಘಟ್ಟ, ರಸ್ತೆ ಬಳಸಬೇಡ ಅನ್ನಬಾರದು. ದೇಶದ ಅತಿ ದೊಡ್ಡ ಪುಸ್ತಕದಲ್ಲಿ ಬಾವಿ, ಕೆರೆ ಅಂತ ಯಾಕೆ ಬರೆದರು? ಈ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಕಾಯಿರಿ.

ಆಮೇಲೆ ಭೀಮರಾವ್ ಅನ್ನುವ ಹುಡುಗನ ಬಗ್ಗೆ ಹೇಳಿ. ಶಾಲೆಗೆ ಹೋಗುವಾಗ ಕೂರಲು ಗೋಣಿಚೀಲ ಮನೆಯಿಂದಲೇ ತರಬೇಕಿತ್ತು, ಸಂಜೆ ವಾಪಸ್ ಒಯ್ಯಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವ ಹಾಗಿಲ್ಲ. ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಆ ಹುಡುಗ, ಅಂದರೆ ಅಂಬೇಡ್ಕರ್, ದೊಡ್ಡವನಾಗಿ 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಸಾವಿರಾರು ಜನರ ಜೊತೆ ಚವ್ದಾರ್ ಕೆರೆಗೆ ನಡೆದು ನೀರು ಕುಡಿದರು. ಆ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಪುರಸಭೆ ಮೊದಲೇ ಹೇಳಿತ್ತು, ಆದರೂ ಮುಟ್ಟಲು ಬಿಡುತ್ತಿರಲಿಲ್ಲ. ಇವರು ಕುಡಿದ ಮೇಲೆ ಕೆರೆ ಮೈಲಿಗೆಯಾಯಿತು ಅಂತ ಶುದ್ಧಿ ಬೇರೆ ಮಾಡಿದರು. ಇದನ್ನು ಕೇಳಿದ ಮಗುವಿಗೆ ಆ ಸಾಲಿನಲ್ಲಿ ಬಾವಿ, ಕೆರೆ ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

"ಕ್ಲಾಸಲ್ಲಿ ಎಲ್ಲ ಜಾತಿ ಮಕ್ಕಳೂ ಇದ್ದಾರೆ. ಅಸ್ಪೃಶ್ಯತೆ ಅಂತ ಬಾಯಿ ಬಿಡೋಕೇ ಭಯ."

ನಿಮ್ಮ ಭಯ ಅರ್ಥ ಆಗುತ್ತದೆ. ಆದರೆ ನೀವು ಹೇಳದಿದ್ದರೂ ಮಕ್ಕಳಿಗೆ ಗೊತ್ತಿರುತ್ತದೆ, ಅನುಭವಿಸಿದ ಮಗುವಿಗೆ ಮೊದಲೇ ಗೊತ್ತಿರುತ್ತದೆ. ಒಂದೆರಡು ಎಚ್ಚರಿಕೆ ಸಾಕು. ಯಾವ ಮಗುವಿನ ಜಾತಿಯನ್ನೂ ಕೇಳಬೇಡಿ. "ನಿಮ್ಮ ಮನೆಯಲ್ಲಿ ಹೀಗೆ ಆಗಿತ್ತಾ, ಹೇಳು" ಅಂತ ಯಾರನ್ನೂ ಎದ್ದು ನಿಲ್ಲಿಸಬೇಡಿ. ತಾನಾಗಿ ಹೇಳಿದರೆ ಅಡ್ಡ ಮಾತಾಡದೆ ಕೇಳಿಸಿಕೊಳ್ಳಿ. ಮಾತಾಡುವಾಗ ಅವಮಾನ ಪಟ್ಟವರ ಕಷ್ಟದ ಮೇಲೇ ಬೆಳಕು ಬಿಡಬೇಡಿ, ಅವಮಾನ ಮಾಡಿದವರು ಏನು ಮಾಡಿದರು ಅಂತಲೂ ಕೇಳಿ. ನಾಚಿಕೆಪಡಬೇಕಾದವರು ಯಾರು ಅನ್ನುವುದು ಮಕ್ಕಳಿಗೆ ಸ್ಪಷ್ಟ ಆಗಬೇಕು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಆಚರಿಸಿದರೆ ಅಪರಾಧ. ಇದನ್ನು ಮೆತ್ತಗೆ ಹೇಳುವ ಅಗತ್ಯ ಇಲ್ಲ.

"ಮಕ್ಕಳಿಗೆ ಅಂತಲೇ ಅದರಲ್ಲಿ ಏನಿದೆ?"

ಮತ ಹಾಕಲು ಹದಿನೆಂಟು ಆಗಬೇಕು ನಿಜ, ಹಕ್ಕಿಗೆ ಅಷ್ಟು ಕಾಯಬೇಕಿಲ್ಲ. ಹೆಚ್ಚಿನ ಹಕ್ಕುಗಳು ಹುಟ್ಟಿದ ದಿನದಿಂದಲೇ ಇವೆ. ಮಕ್ಕಳಿಗಾಗಿಯೇ ಇರುವವು ಅಂದರೆ, 14 ವರ್ಷದ ಒಳಗಿನವರನ್ನು ಕಾರ್ಖಾನೆ, ಗಣಿಯಂಥ ಅಪಾಯದ ಕೆಲಸಕ್ಕೆ ಹಚ್ಚಬಾರದು ಅನ್ನುವ 24ನೇ ವಿಧಿ. 6ರಿಂದ 14 ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣ ಅನ್ನುವ 21ಎ. ಈ 21ಎ ಮೊದಲು ಇರಲಿಲ್ಲ. 2002ರ ತಿದ್ದುಪಡಿಯಲ್ಲಿ ಸೇರಿತು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ.

ಮಕ್ಕಳಿಗೆ ಜಾಸ್ತಿ ಹಿಡಿಸುವುದು ಬಿಸಿಯೂಟದ ಕಥೆ. 2001ರಲ್ಲಿ ರಾಜಸ್ಥಾನದಲ್ಲಿ ಬರ. ಒಂದು ಕಡೆ ಜನಕ್ಕೆ ಊಟ ಇಲ್ಲ, ಇನ್ನೊಂದು ಕಡೆ ಸರ್ಕಾರಿ ಗೋದಾಮಿನಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 21ನೇ ವಿಧಿ ಜೀವಿಸುವ ಹಕ್ಕು ಕೊಟ್ಟಿದೆ, ಊಟ ಇಲ್ಲದೆ ಜೀವ ಉಳಿಯುವುದು ಹೇಗೆ ಅನ್ನುವುದು ಅವರ ವಾದ. ಆ ವರ್ಷ ನವೆಂಬರ್ 28ಕ್ಕೆ ಕೋರ್ಟು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಿ ಅಂತ ಆದೇಶ ಮಾಡಿತು. ತಮಿಳುನಾಡಿನಂಥ ಕಡೆ ಊಟ ಮೊದಲೇ ಇತ್ತು. ನಮ್ಮಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮಧ್ಯಾಹ್ನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗು ಯಾರ ದಾನವನ್ನೂ ತಿನ್ನುತ್ತಿಲ್ಲ. ಅನ್ನ ಸಾಂಬಾರು ಅದರ ಹಕ್ಕು. ಇದನ್ನು ಮಗುವಿಗೆ ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

"'ನನಗೆ ಸ್ವಾತಂತ್ರ್ಯ ಇದೆ, ಹೋಂವರ್ಕ್ ಮಾಡಲ್ಲ' ಅಂತಾನೆ ಮಗ. ಈಗೇನು ಮಾಡಲಿ?"

ಮೊದಲು ಖುಷಿಪಡಿ, ಅವನು ಕೇಳಿದ್ದನ್ನು ಬಳಸಲು ಕಲಿತಿದ್ದಾನೆ. ಆಮೇಲೆ ಅವನ ಜೊತೆ ವಾದಕ್ಕೆ ಕೂರಿ. 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಟ್ಟ ಹಾಗೆಯೇ ಅದಕ್ಕೆ ಮಿತಿಗಳನ್ನೂ ಬರೆದಿದೆ. ಆದರೆ ಮಿತಿ ಹಾಕುವವರು ಕಾರಣ ಕೊಡಬೇಕು. ಹಾಗಾಗಿ "ನಾನು ಹೇಳಿದೆ, ಮಾಡು" ಅನ್ನುವ ಬದಲು ಯಾಕೆ ಮಾಡಬೇಕು ಅಂತ ಹೇಳಿ. 6ರಿಂದ 14 ವರ್ಷದ ಮಗುವಿಗೆ ಕಲಿಯುವ ಅವಕಾಶ ಕೊಡುವುದು ಅಪ್ಪ ಅಮ್ಮನ ಮೂಲಭೂತ ಕರ್ತವ್ಯ, ಇದು 51ಎ ವಿಧಿಯ ಹನ್ನೊಂದನೇ ಕರ್ತವ್ಯ. "ನೀನು ಓದುವ ಹಾಗೆ ನೋಡಿಕೊಳ್ಳಬೇಕು ಅಂತ ಸಂವಿಧಾನ ನನಗೆ ಹೇಳಿದೆ" ಅನ್ನಿ.

ಕರ್ತವ್ಯ ಮಾಡಿದರೆ ಮಾತ್ರ ಹಕ್ಕು ಅಂತ ಮಾತ್ರ ಹೇಳಬೇಡಿ. ಸಂವಿಧಾನ ಹಾಗೆ ಹೇಳಿಲ್ಲ. ಹಕ್ಕುಗಳು 1950ರಿಂದ ಇವೆ. ಕರ್ತವ್ಯಗಳು ಸೇರಲು ಶುರುವಾದದ್ದು 1976ರಲ್ಲಿ. ತಪ್ಪು ಮಾಡಿದ ಮಗುವಿಗೂ ಹಕ್ಕು ಇರುತ್ತದೆ.

## ಸ್ವಲ್ಪ ಕಷ್ಟದವು

"ಬೇರೆ ದೇಶದಿಂದ ಕಾಪಿ ಹೊಡೆದದ್ದು ಅಂತಾರಲ್ಲ?"

ಬೇರೆಯವರದನ್ನು ನೋಡಿ ತೆಗೆದುಕೊಂಡಿದ್ದಾರೆ, ಮುಚ್ಚುಮರೆ ಏನಿಲ್ಲ. ಸಂಸತ್ತು ನಡೆಯುವ ರೀತಿ ಬ್ರಿಟನ್ನಿನದು, ಮೂಲಭೂತ ಹಕ್ಕುಗಳ ಯೋಚನೆ ಅಮೆರಿಕದ್ದು, ನಿರ್ದೇಶಕ ತತ್ವಗಳು (ಸರ್ಕಾರ ಯಾವ ದಾರಿಯಲ್ಲಿ ನಡೆಯಬೇಕು ಅನ್ನುವ ಮಾತುಗಳು) ಐರ್ಲೆಂಡಿನವು, ಆಡಳಿತದ ಎಷ್ಟೋ ವಿವರ ಬ್ರಿಟಿಷರ 1935ರ ಕಾಯ್ದೆಯದು. ಆಗಲೇ ಇದಕ್ಕೆ ಟೀಕೆ ಇತ್ತು. ವೀಣೆಯ ನಾದ ಬೇಕಿತ್ತು, ಇಂಗ್ಲಿಷ್ ಬ್ಯಾಂಡ್ ಸಿಕ್ಕಿದೆ ಅನ್ನುವ ಅರ್ಥದಲ್ಲಿ ನಮ್ಮ ಹನುಮಂತಯ್ಯನವರೇ ಸಭೆಯಲ್ಲಿ ಬೇಸರಪಟ್ಟಿದ್ದರು. ಆದರೆ ಅಸ್ಪೃಶ್ಯತೆ ರದ್ದು ಮಾಡುವ ಸಾಲು ಎಲ್ಲಿಂದ ಕಾಪಿ ಮಾಡುವುದು? ಓದು ಬರಹ ಬಾರದವರು, ಆಸ್ತಿ ಇಲ್ಲದವರು, ಹೆಂಗಸರು, ಎಲ್ಲರಿಗೂ ಮೊದಲ ಚುನಾವಣೆಯಲ್ಲೇ ಒಂದೊಂದು ಮತ ಅನ್ನುವ ಧೈರ್ಯ ಎಷ್ಟೋ ದೇಶಗಳಿಗೆ ಇರಲಿಲ್ಲ. ಮಕ್ಕಳು ಈ ಪ್ರಶ್ನೆ ತಂದರೆ ಎರಡೂ ಕಡೆ ಹೇಳಿ.

"ಅವಳಿಗೆ ಸ್ಕಾಲರ್‌ಶಿಪ್ ಬಂತು, ನನಗ್ಯಾಕಿಲ್ಲ ಅಂತ ಮಗಳು ಕೇಳ್ತಾಳೆ. ಮೀಸಲಾತಿ ಹೇಗೆ ಹೇಳಲಿ?"

ಮಗಳ ಬೇಸರ ಸುಳ್ಳಲ್ಲ, ಅದಕ್ಕೆ ಗದರಬೇಡಿ. ಮನೆಯಲ್ಲಿ ದೊಡ್ಡವರು ಆಡುವ ಮಾತು ಅವಳ ಕಿವಿಗೆ ಬಿದ್ದಿರುತ್ತದೆ, ಅದನ್ನೂ ನೆನಪಿಡಿ. ಅಜ್ಜಿಯ ಅಜ್ಜಿಯ ಕಾಲದಿಂದ ಶಾಲೆಯ ಬಾಗಿಲೇ ತೆರೆಯದವರಿಗೆ, ಭೂಮಿಯಿಂದ, ಕೆರೆಯಿಂದ ದೂರ ಇಟ್ಟವರಿಗೆ ಒಂದು ದಿನ "ಇನ್ನು ಎಲ್ಲರೂ ಸಮ" ಅಂದುಬಿಟ್ಟರೆ ಸಮ ಆಗುತ್ತದಾ ಅಂತ ಕೇಳಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ ಮಿಲ್ಲರ್ ಸಮಿತಿ ಮಾಡಿ, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಲು ಹೊರಟಿದ್ದರು. ಸಂವಿಧಾನದಲ್ಲಿ ಕೆಲಸದ ಮೀಸಲಾತಿ ಮೊದಲಿಂದ ಇತ್ತು. ಶಿಕ್ಷಣಕ್ಕೆ ದಾರಿ ಮಾಡಿದ್ದು 1951ರ ಮೊದಲ ತಿದ್ದುಪಡಿ. 2019ರಲ್ಲಿ ಆರ್ಥಿಕವಾಗಿ ಹಿಂದುಳಿದ ಇತರರಿಗೂ ಸೇರಿಸಿದರು. ಒಂದೇ ದಿನ ಒಪ್ಪಿಸಲು ಹೋಗಬೇಡಿ, ಇದು ಹಲವು ಸಲ ಮಾತಾಡಬೇಕಾದ ವಿಷಯ.

"ಪುಸ್ತಕದಲ್ಲಿ ಸಮಾನತೆ ಇದೆ, ಊರಲ್ಲಿ ಇಲ್ಲ. ಮಗು ಕೇಳಿದ್ರೆ ಸುಳ್ಳು ಹೇಳಬೇಕಾ?"

ಖಂಡಿತ ಬೇಡ. ಇಲ್ಲಿ ಸುಳ್ಳು ಹೇಳಿದರೆ ಮಗು ಪುಸ್ತಕವನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ. ಅಂಬೇಡ್ಕರ್ ಕೂಡ ಮುಚ್ಚಿಟ್ಟಿರಲಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಎಲ್ಲರಿಗೂ ಒಂದೇ ಮತ, ಒಂದೇ ಬೆಲೆ, ಆದರೆ ಬದುಕಿನಲ್ಲಿ ಅಸಮಾನತೆ ಹಾಗೇ ಉಳಿಯುತ್ತದೆ, ಈ ವಿರೋಧವನ್ನು ಬೇಗ ಕಳೆಯದಿದ್ದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ ಅಂದರು. ಸಂವಿಧಾನ ಬರೆದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತ ಬರೆದವರೇ ಅಂದುಕೊಂಡಿರಲಿಲ್ಲ. ಆದರೂ ಬರೆದದ್ದರಿಂದ ಏನು ಬದಲಾಯಿತು? ಮೊದಲು ಅನ್ಯಾಯ ಮಾಡುವವನ ಕಡೆ ರೂಢಿ ಇತ್ತು, ಎಷ್ಟೋ ಸಲ ಕಾನೂನೂ ಇತ್ತು. ಈಗ ಕಾನೂನು ಅನ್ಯಾಯಕ್ಕೆ ಒಳಗಾದವರ ಕಡೆ ಇದೆ. ಅವರು 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೆ, 226 ಹಿಡಿದು ಹೈಕೋರ್ಟಿಗೆ ಹೋಗಬಹುದು. ಹೋಗುವುದು ಬಡವರಿಗೆ ಸುಲಭ ಅಲ್ಲ, ಅದನ್ನೂ ಹೇಳಿ.

"ನೂರಕ್ಕೂ ಜಾಸ್ತಿ ಸಲ ತಿದ್ದಿದ್ದಾರೆ. ಹಂಗಾದ್ರೆ ಪೂರ್ತಿ ಬದಲಾಯಿಸಿಬಿಡಬಹುದಾ?"

2023ರವರೆಗೆ 106 ತಿದ್ದುಪಡಿಗಳಾಗಿವೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ತಿದ್ದುಪಡಿಯಿಂದಲೇ. 106ನೆಯದು ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಸೀಟು ಕೊಡುವಂಥದ್ದು. ಕಾಲ ಬದಲಾದಾಗ ತಿದ್ದಲು ದಾರಿ ಇರಲಿ ಅಂತಲೇ 368ನೇ ವಿಧಿ ಇಟ್ಟರು.

ಪೂರ್ತಿ ಬದಲಾಯಿಸಲು ಆಗುವುದಿಲ್ಲ. ಇದನ್ನು ತೀರ್ಮಾನಿಸಿದ ಕೇಸು ಶುರುವಾದದ್ದು ನಮ್ಮ ಪಕ್ಕದ ಕಾಸರಗೋಡಿನಿಂದ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಭೂಮಿಯ ವಿಷಯಕ್ಕೆ ಕೋರ್ಟಿಗೆ ಹೋದರು. ಅದು ಬೆಳೆದು ಸಂಸತ್ತಿಗೆ ಎಷ್ಟು ಅಧಿಕಾರ ಅನ್ನುವ ಪ್ರಶ್ನೆಯಾಯಿತು. ಹದಿಮೂರು ಜಡ್ಜುಗಳು ಕೂತರು. 1973ರ ಏಪ್ರಿಲ್ 24ರಂದು ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಸಂಸತ್ತು ತಿದ್ದಬಹುದು, ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದರ ತಳಹದಿಯನ್ನು, ಕೆಡಿಸುವ ಹಾಗಿಲ್ಲ ಅಂತ ತೀರ್ಪಾಯಿತು. ಒಂದೇ ಒಂದು ಮತದ ಅಂತರ. ಹೈಸ್ಕೂಲ್ ಮಕ್ಕಳಿಗೆ ಈ ತೀರ್ಪು ಹೇಳಿ, "ನೀವೇ ಜಡ್ಜಾದರೆ ಯಾವುದನ್ನು ಯಾರೂ ಮುಟ್ಟಬಾರದು ಅಂತೀರಿ?" ಅಂತ ಪಟ್ಟಿ ಮಾಡಿಸಿ. ಪೀರಿಯಡ್ಡು ಸಾಲುವುದಿಲ್ಲ.

"ಮಕ್ಕಳೇ ಕೋರ್ಟಿಗೆ ಹೋಗಿ ಗೆದ್ದದ್ದು ಇದೆಯಾ?"

ಇದೆ. 1985ರಲ್ಲಿ ಕೇರಳದ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. ರಾಷ್ಟ್ರಗೀತೆ ಹಾಡುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರ ಧರ್ಮದ ನಂಬಿಕೆ ಒಪ್ಪುತ್ತಿರಲಿಲ್ಲ. ಹೈಕೋರ್ಟಿನಲ್ಲಿ ಸೋತರು. 1986ರಲ್ಲಿ ಸುಪ್ರೀಂ ಕೋರ್ಟು, ಎದ್ದು ನಿಂತರೆ ಅದೇ ಗೌರವ, ಹಾಡಲೇಬೇಕು ಅನ್ನುವ ಕಾನೂನಿಲ್ಲ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತು. ಮಾತಿನ ಸ್ವಾತಂತ್ರ್ಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಸೇರಿದೆ ಅನ್ನುವುದು ಈ ತೀರ್ಪಿನಿಂದ ಗಟ್ಟಿಯಾಯಿತು. ನಿಮ್ಮ ಕ್ಲಾಸಿನ ಮಕ್ಕಳು ಇದನ್ನು ಒಪ್ಪದಿರಬಹುದು. ಒಪ್ಪಲೇಬೇಕು ಅಂತ ಒತ್ತಾಯ ಮಾಡಬೇಡಿ.

"ಓದಿದ್ದು, ಮಾತಾಡಿದ್ದು ಆಯ್ತು. ಮಕ್ಕಳು ಏನಾದ್ರೂ ಮಾಡಬಹುದಾ?"

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕು. ಎಷ್ಟೋ ಕಡೆ ಮಕ್ಕಳಿಂದ ಹಾಡು, ಭಾಷಣ ಮಾಡಿಸಿ ಬಿಸ್ಕೆಟ್ ಕೊಟ್ಟು ಕಳಿಸುತ್ತಾರೆ, ಅಷ್ಟಕ್ಕೇ ಬಿಡಬೇಡಿ. ಸಭೆಗೆ ಹದಿನೈದು ದಿನ ಮೊದಲೇ ಮಕ್ಕಳನ್ನು ಊರು ಸುತ್ತಲು ಕಳಿಸಿ. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಸಂಜೆ ಹೊತ್ತು ಬಸ್ ಸ್ಟಾಪಿನಲ್ಲಿ ಲೈಟಿಲ್ಲ, ಗಾಲಿಕುರ್ಚಿಯ ಗೆಳೆಯ ಲೈಬ್ರರಿ ಮೆಟ್ಟಿಲು ಹತ್ತಲಾರ, ಹೀಗೆ ಕಂಡದ್ದನ್ನು ಬರೆದುಕೊಂಡು ಬರಲಿ. ಸಭೆಯಲ್ಲಿ ಅವರೇ ಓದಲಿ, ನೀವು ಎದ್ದು ಓದಬೇಡಿ. ಹೇಳಿದ್ದೆಲ್ಲ ನಡಾವಳಿ ಪುಸ್ತಕದಲ್ಲಿ ದಾಖಲಾಯಿತಾ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಮುಂದಿನ ವರ್ಷದ ಸಭೆ ಶುರುವಾಗುವಾಗ ಹಳೆಯ ನಡಾವಳಿ ತೆಗೆಸಿ, ಯಾವುದು ಆಯಿತು, ಯಾವುದು ಆಗಿಲ್ಲ, ಯಾಕೆ ಆಗಿಲ್ಲ ಅಂತ ಮಕ್ಕಳೇ ಕೇಳಲಿ. ಯಾವುದಾದರೂ ಮಗು ಅಪಾಯದಲ್ಲಿದೆ, ಕೆಲಸಕ್ಕೆ ಹಚ್ಚಿದ್ದಾರೆ, ಮದುವೆ ಮಾಡಲು ಹೊರಟಿದ್ದಾರೆ ಅಂತ ಗೊತ್ತಾದರೆ ಸಭೆಗೆ ಕಾಯಬೇಡಿ, ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳೂ ಮಾಡಬಹುದು.